ಅಂಬಾಸಿಡರ್ ಮತ್ತು ಫಿಯೆಟ್: ಎರಡು ಗಾಡಿಗಳು ಕಲಿಸಿದ ಪಾಠ



ಸಂಘಕ್ಕೆ ಇಪ್ಪತ್ತೈದು ತುಂಬಿದ ಈ ಶುಭ ಸಂದರ್ಭದಲ್ಲಿ ನಮ್ಮೂರ ಅರಳಿಕಟ್ಟೆಯ ಒಂದು ಹಳೆಯ ವಾದ ನೆನಪಿಗೆ ಬರುತ್ತದೆ. ಆಗ ಕಟ್ಟೆಯ ಮೇಲೆ ಎರಡು ಪಕ್ಷಗಳಿದ್ದವು. ರಾಜಕೀಯದವಲ್ಲ, ಒಂದು ಅಂಬಾಸಿಡರ್ ಪಕ್ಷ, ಇನ್ನೊಂದು ಫಿಯೆಟ್ ಪಕ್ಷ!

ಅಂಬಾಸಿಡರ್‌ನ ಮೂಲ ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಕಾರು. ಹಿಂದೂಸ್ತಾನ್ ಮೋಟರ್ಸ್‌ನವರು ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 1957ರಿಂದ ಅದನ್ನು ತಯಾರಿಸತೊಡಗಿದರು. ಫಿಯೆಟ್ ಇಟಲಿ ಮೂಲದ್ದು. ಬೊಂಬಾಯಿಯ ಕುರ್ಲಾದಲ್ಲಿದ್ದ ಪ್ರೀಮಿಯರ್ ಆಟೊಮೊಬೈಲ್ಸ್‌ನವರು 1964ರಲ್ಲಿ ಫಿಯೆಟ್ 1100 ಡಿಲೈಟ್ ಹೊರತಂದರು. 1970ರ ದಶಕದಲ್ಲಿ ಅದೇ ಗಾಡಿ ಪ್ರೀಮಿಯರ್ ಪದ್ಮಿನಿ ಆಯಿತು. ಹೆಸರು ಬದಲಾದರೂ ನಮ್ಮ ಜನ ಫಿಯೆಟ್ ಅಂತಲೇ ಕರೆದರು.

ಓಟದಲ್ಲಿ ಫಿಯೆಟ್ ಚುರುಕು. ಎಂಜಿನ್ 1089 ಸಿ.ಸಿ. ಮಾತ್ರ, ಆದರೆ ಮೈ ಹಗುರ. ಪೇಟೆ ಬೀದಿಯಲ್ಲಿ ತಿರುಗಿಸೋದು ಸಲೀಸು, ಪೆಟ್ರೋಲ್ ಖರ್ಚೂ ಕಡಿಮೆ. ಅಂಬಾಸಿಡರ್‌ಗೆ 1489 ಸಿ.ಸಿ. ಎಂಜಿನ್ ಇದ್ದರೂ ಮೈಭಾರ ಜಾಸ್ತಿ. ವೇಗ ಹಿಡಿಯುವುದು ನಿಧಾನ.

ಉಪಯೋಗದ ಮಾತು ಬಂದರೆ ಹಳ್ಳಿಯವರ ಓಟು ಅಂಬಾಸಿಡರ್‌ಗೇ. ಎರಡರಲ್ಲೂ ಗೇರು ಸ್ಟೀರಿಂಗ್ ಪಕ್ಕದಲ್ಲೇ ಇದ್ದುದರಿಂದ ಮುಂದೆಯೂ ಮೂವರು ಕೂರಬಹುದಿತ್ತು. ಆದರೆ ಮದುವೆ ದಿಬ್ಬಣಕ್ಕೆ ಲೆಕ್ಕಕ್ಕಿಂತ ಹೆಚ್ಚು ಜನ ಹತ್ತಿದಾಗ, ಹೆರಿಗೆ ನೋವಿನ ಹೆಣ್ಣುಮಗಳನ್ನು ನಡುರಾತ್ರಿ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಓಡಬೇಕಾದಾಗ ಅಗಲವಾದ ಗಾಡಿಯೇ ಬೇಕಾಗುತ್ತಿತ್ತು. 1980ರ ಸುಮಾರಿಗೆ ಡೀಸೆಲ್ ಎಂಜಿನ್ ಬಂದ ಮೇಲಂತೂ ಬಾಡಿಗೆ ಓಡಿಸುವವರು ಅದನ್ನೇ ಹಿಡಿದರು. ಕೆಟ್ಟು ನಿಂತರೆ ಯಾವ ಊರಿನ ಮೆಕ್ಯಾನಿಕ್ ಬೇಕಾದರೂ ಎರಡನ್ನೂ ಬಿಚ್ಚಿ ಜೋಡಿಸುತ್ತಿದ್ದ. ಅದು ಎರಡು ಪಕ್ಷದವರೂ ಒಪ್ಪುತ್ತಿದ್ದ ಮಾತು.

ಇಷ್ಟೆಲ್ಲ ಗುಣವಿದ್ದ ಗಾಡಿಗಳು ಏಕೆ ಸೋತವು? ಪರ್ಮಿಟ್-ಲೈಸೆನ್ಸ್ ಕಾಲದಲ್ಲಿ ಗಿರಾಕಿ ಹಣ ಕಟ್ಟಿ ವರ್ಷಗಟ್ಟಲೆ ಕಾಯುತ್ತಿದ್ದ. ಬೇರೆ ದಾರಿ ಇರಲಿಲ್ಲ. ಕಾಯುವ ಗಿರಾಕಿ ಇರುವಾಗ ಬದಲಾಗುವ ಅವಸರ ಯಾರಿಗೆ? ಮುಂದಿನ ಗ್ರಿಲ್ಲು, ದೀಪ ಬದಲಾದವು. ಒಳಗಿನ ಗಾಡಿ ಹೆಚ್ಚುಕಡಿಮೆ ಅದೇ ಉಳಿಯಿತು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಗಿರಾಕಿಗೆ ದಾರಿ ಸಿಕ್ಕಿತು, ಹೊರಟೇಹೋದ. ಪದ್ಮಿನಿ ತಯಾರಿಕೆ 2000ದ ಸುಮಾರಿಗೆ ನಿಂತಿತು. ಅಂಬಾಸಿಡರ್ 2014ರ ಮೇ ತಿಂಗಳವರೆಗೆ ಉಸಿರು ಹಿಡಿದಿತ್ತು.

ಬಂಧುಗಳೇ, ನಮ್ಮ ಸಂಘಕ್ಕೂ ಇಷ್ಟು ದಿನ ಸದಸ್ಯರು ಬಂದಿದ್ದಾರೆ. ಪ್ರೀತಿಯಿಂದ ಬಂದವರೆಷ್ಟು, ಬೇರೆ ದಾರಿಯಿಲ್ಲದೆ ಬಂದವರೆಷ್ಟು ಎಂದು ನಾವು ಎದೆಮುಟ್ಟಿ ಕೇಳಿಕೊಳ್ಳಬೇಕು. ಗೊಬ್ಬರಕ್ಕೆ ಸಾಲಿನಲ್ಲಿ ನಿಂತ ರೈತ ನಾಳೆಯೂ ನಿಂತೇ ಇರುತ್ತಾನೆಂದು ತಿಳಿಯುವುದು ಬೇಡ. ಅಂಬಾಸಿಡರ್‌ನಂತೆ ಎಲ್ಲರನ್ನೂ ಹತ್ತಿಸಿಕೊಳ್ಳೋಣ, ಫಿಯೆಟ್‌ನಂತೆ ಚುರುಕಾಗೋಣ. ಎರಡೂ ಮಾಡಿದ ತಪ್ಪನ್ನು ಮಾತ್ರ ಮಾಡದಿರೋಣ.