ಗಾಲಿ ಮೇಲಿನ ಹಾಕಿ ಮತ್ತು ನಮ್ಮ ಬೇಸ್‌ಮೆಂಟಿನ ನೆಲ

ಶನಿವಾರ ಬೆಳಿಗ್ಗೆ ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಿಂದ 'ಗರ್ರ್...' ಅಂತ ಸದ್ದು ಬಂತೆಂದರೆ ಏಳು ಗಂಟೆ ಆಯಿತು ಅಂತ ಲೆಕ್ಕ. ಹತ್ತು ಹನ್ನೆರಡು ಮಕ್ಕಳು ಕಾಲಿಗೆ ಗಾಲಿ ಕಟ್ಟಿಕೊಂಡು ನಿಂತ ಕಾರುಗಳ ನಡುವೆ ಸುತ್ತುತ್ತಿರುತ್ತವೆ. ಕುಂದಲಹಳ್ಳಿಯಲ್ಲಿ ನುಣ್ಣಗಿನ ಖಾಲಿ ನೆಲ ಹುಡುಕುವುದು ಎಷ್ಟು ಕಷ್ಟ ಅಂತ ಈ ಕಡೆ ಇರುವವರಿಗೆ ಬಿಡಿಸಿ ಹೇಳಬೇಕಿಲ್ಲ. ಹಾಗಾಗಿ ಬೇಸ್‌ಮೆಂಟೇ ಗತಿ.

ಕಳೆದ ತಿಂಗಳು ಕೋಚ್ ಈ ಮಕ್ಕಳ ಕೈಗೆ ಹಾಕಿ ಕೋಲು ಕೊಟ್ಟರು. ಮಗಳು ಮೇಲೆ ಬಂದವಳೇ, "ಅಪ್ಪಾ, ಇದಕ್ಕೂ ವರ್ಲ್ಡ್ ಕಪ್ ಇದೆಯಂತೆ, ಹೌದಾ?" ಅಂದಳು. ಇದಾಗಿ ಎರಡೇ ದಿನಕ್ಕೆ ನೋಟಿಸ್ ಬೋರ್ಡಿನಲ್ಲಿ ಒಂದು ಚೀಟಿ. ನೆಲ ಹಾಳಾಗುತ್ತದೆ, ಸದ್ದು ತಡೆಯಲಾಗುವುದಿಲ್ಲ, ಬರುವ ತಿಂಗಳಿಂದ ಬೇಸ್‌ಮೆಂಟಿನಲ್ಲಿ ಸ್ಕೇಟಿಂಗ್ ಬಂದ್! ನೋಟಿಸಿಗೆ ಏನು ಉತ್ತರ ಕೊಡಬೇಕೋ ತಿಳಿಯಲಿಲ್ಲ. ಮಗಳ ಪ್ರಶ್ನೆಗಾದರೂ ಉತ್ತರ ಹುಡುಕೋಣ ಅಂತ ಕೂತೆ. ಹುಡುಕುತ್ತಾ ಹೋದರೆ ಎರಡೂ ಒಂದೇ ಕಥೆ ಅನ್ನಿಸಿತು.

ಮೊದಲು ಆಟದ ಬಗ್ಗೆ ಎರಡು ಮಾತು. ಗೋಲಿಯೂ ಸೇರಿ ಒಂದು ಕಡೆ ಐದು ಜನ. ಎರಡು ಸಾಲಿನಲ್ಲಿ ನಾಲ್ಕು ಗಾಲಿಯ ಸ್ಕೇಟ್ಸ್, ತುದಿ ಬಾಗಿದ ಕೋಲು, ಗಟ್ಟಿ ಚೆಂಡು. ಅಂಗಳ ಸುಮಾರು 40 ಮೀಟರ್ ಉದ್ದ, 20 ಮೀಟರ್ ಅಗಲ, ಸುತ್ತಲೂ ಮೊಳಕಾಲು ಮೀರಿದ ಹಲಗೆ ಗೋಡೆ. ಗಾಲಿಗಳು ಒಂದೇ ಸಾಲಿನಲ್ಲಿರುವ ಸ್ಕೇಟ್ಸ್ ಹಾಕಿಕೊಂಡು, ಚೆಂಡಿನ ಬದಲು ಬಿಲ್ಲೆ ಹೊಡೆಯುವುದು ಇನ್‌ಲೈನ್ ಹಾಕಿ, ಅದು ಬೇರೆ. ನಾನೂ ಎರಡನ್ನೂ ಒಂದೇ ಅಂದುಕೊಂಡಿದ್ದೆ, ಮಗಳ ಕೈಲಿ ಬೈಸಿಕೊಂಡೆ.

ಬೇಕಾದ ಕಡೆ ತಿರುಗುವ ನಾಲ್ಕು ಗಾಲಿಯ ಸ್ಕೇಟಿಗೆ ಅಮೆರಿಕದ ಜೇಮ್ಸ್ ಪ್ಲಿಂಪ್ಟನ್ 1863ರಲ್ಲಿ ಪೇಟೆಂಟ್ ಪಡೆದ. ಆದರೆ ಹಾಕಿ ಆಟವನ್ನು ಗಾಲಿ ಮೇಲೆ ಹದಕ್ಕೆ ತಂದವರು ಇಂಗ್ಲಿಷರು. ಅಲ್ಲಿನ ಕೆಂಟ್ ಪ್ರಾಂತ್ಯದ ಕಡಲ ತೀರದಲ್ಲಿ ಹರ್ನ್ ಬೇ ಅಂತ ಒಂದು ಪುಟ್ಟ ಊರು. ಸಮುದ್ರದೊಳಕ್ಕೆ ಚಾಚಿದ ಕಟ್ಟೆಯ ಮೇಲೆ 1910ರಲ್ಲಿ ಒಂದು ದೊಡ್ಡ ಹಾಲ್ ಕಟ್ಟಿದರು. 1926ರಲ್ಲಿ ಮೊದಲ ಯುರೋಪಿಯನ್ ಚಾಂಪಿಯನ್‌ಶಿಪ್ ನಡೆದದ್ದು ಆ ಊರಿನಲ್ಲೇ. ಅಷ್ಟರಲ್ಲಾಗಲೇ ಸ್ವಿಟ್ಜರ್ಲೆಂಡಿನ ಮಾಂಟ್ರೊದಲ್ಲಿ 1921ರಿಂದ ಈಸ್ಟರ್ ಸಮಯಕ್ಕೆ ಪಂದ್ಯಾವಳಿ ನಡೆಯುತ್ತಿತ್ತು, ಅಂತರರಾಷ್ಟ್ರೀಯ ಸಂಸ್ಥೆಯೂ 1924ರಲ್ಲಿ ಅಲ್ಲೇ ಹುಟ್ಟಿತು. ಈಗ ಅದರ ಹೆಸರು ವರ್ಲ್ಡ್ ಸ್ಕೇಟ್.

ಮೊದಲ ವಿಶ್ವ ಚಾಂಪಿಯನ್‌ಶಿಪ್ 1936ರಲ್ಲಿ, ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ. ಇದ್ದದ್ದು ಏಳು ದೇಶ, ಎಲ್ಲಾ ಯುರೋಪಿನವೇ. ಗೆದ್ದದ್ದು ಇಂಗ್ಲೆಂಡ್, ಆಮೇಲೆ ಇಟಲಿ, ಪೋರ್ಚುಗಲ್. 1939ರಲ್ಲಿ ಮಾಂಟ್ರೊದಲ್ಲಿ ಎರಡನೇದು. ಮತ್ತೆ ಇಂಗ್ಲೆಂಡೇ. ಅಷ್ಟೇ ಅಲ್ಲ, 1926ರಿಂದ 1939ರವರೆಗಿನ ಹನ್ನೆರಡು ಯುರೋಪಿಯನ್ ಕಿರೀಟಗಳೂ ಅವರವೇ. ಒಂದನ್ನೂ ಬೇರೆಯವರಿಗೆ ಬಿಟ್ಟಿಲ್ಲ ನೋಡಿ!

ಯುದ್ಧ ಬಂತು, ಹೋಯಿತು. ನಮಗೆ ಸ್ವಾತಂತ್ರ್ಯ ಬಂದ 1947ರಲ್ಲೇ ಲಿಸ್ಬನ್‌ನಲ್ಲಿ ಮೂರನೇ ವಿಶ್ವ ಚಾಂಪಿಯನ್‌ಶಿಪ್ ನಡೆಯಿತು. ಗೆದ್ದದ್ದು ಪೋರ್ಚುಗಲ್. 48, 49, 50... ಸತತ ನಾಲ್ಕು ಸಲ. 1951ರಲ್ಲಿ ಬಾರ್ಸಿಲೋನಾದಲ್ಲಿ ಸ್ಪೇನ್ ಗೆದ್ದಿತು. ಇಂಗ್ಲೆಂಡ್? ಅವತ್ತಿನಿಂದ ಇವತ್ತಿನವರೆಗೆ ಒಮ್ಮೆಯೂ ಇಲ್ಲ.

ಆಟಗಾರರು ಏಕಾಏಕಿ ಆಟ ಮರೆತುಬಿಟ್ಟರೇ? ನನಗೆ ಹಾಗನ್ನಿಸುವುದಿಲ್ಲ. ಪೋರ್ಚುಗಲ್, ಸ್ಪೇನ್‌ಗಳಲ್ಲಿ ಈ ಆಟವನ್ನು ಸಾಕಿದ್ದು ಫುಟ್‌ಬಾಲ್ ಕ್ಲಬ್ಬುಗಳು. ಬೆನ್ಫಿಕಾ, ಪೋರ್ಟೊ, ಸ್ಪೋರ್ಟಿಂಗ್, ಬಾರ್ಸಿಲೋನಾ ಎಲ್ಲಕ್ಕೂ ಗಾಲಿ ಹಾಕಿ ತಂಡಗಳಿವೆ. ಫುಟ್‌ಬಾಲ್ ನೋಡಲು ಬರುವ ಜನರ ದುಡ್ಡಿನಲ್ಲಿ ಒಂದು ಹಾಲ್, ಒಂದು ನೆಲ ವರ್ಷವಿಡೀ ಉಳಿಯಿತು. ಹರ್ನ್ ಬೇಯ ಆ ಕಡಲ ಮೇಲಿನ ಹಾಲ್ 1970ರಲ್ಲಿ ಬೆಂಕಿಗೆ ಸುಟ್ಟು ಹೋಯಿತು.

ನಮ್ಮ ಹಾಕಿಯ ಕಥೆ ನೆನಪಾಗದೆ ಇರುತ್ತದೆಯೇ? 1928ರಿಂದ ಪ್ರತಿ ಒಲಿಂಪಿಕ್ಸಿನಲ್ಲೂ ಪದಕ ತಂದ ಭಾರತ 1976ರ ಮಾಂಟ್ರಿಯಲ್‌ನಲ್ಲಿ ಏಳನೇ ಸ್ಥಾನಕ್ಕಿಳಿಯಿತು. ಒಲಿಂಪಿಕ್ ಹಾಕಿಯನ್ನು ಕೃತಕ ಹುಲ್ಲಿನ ಮೇಲೆ ಆಡಿಸಿದ್ದು ಅದೇ ಮೊದಲು. ನಮ್ಮ ಕೊಡಗಿನ ಬಿ.ಪಿ. ಗೋವಿಂದ ಆ ತಂಡದಲ್ಲಿದ್ದರು. ಅದರ ಹಿಂದಿನ ವರ್ಷವಷ್ಟೇ ವಿಶ್ವಕಪ್ ಗೆದ್ದು ಬಂದವರು. ಒಂದು ವರ್ಷದಲ್ಲಿ ಅವರ ಕೈಚಳಕ ಎಲ್ಲಿಗೆ ಹೋದೀತು? ಕಾಲಡಿಯ ನೆಲ ಬದಲಾಗಿತ್ತು.

ಮತ್ತೆ ಗಾಲಿಗೆ ಬರೋಣ. ಬ್ರಿಟಿಷರು ಹೋದಲ್ಲೆಲ್ಲಾ ಕ್ರಿಕೆಟ್ ಹೋದಂತೆ ಪೋರ್ಚುಗೀಸರು ಹೋದಲ್ಲಿ ಗಾಲಿ ಹಾಕಿ ಹೋಯಿತು. 2011ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಮೊಜಾಂಬಿಕ್ ನಾಲ್ಕನೇ ಸ್ಥಾನ ಪಡೆಯಿತು! 2013ರಲ್ಲಿ ಅಂಗೋಲಾ ಆತಿಥ್ಯ ವಹಿಸಿತು, ಆಫ್ರಿಕಾದಲ್ಲಿ ಮೊದಲ ಸಲ. ಏಷ್ಯಾದಲ್ಲಿ ಈ ಆಟಕ್ಕೆ ಹೆಸರಾದದ್ದು ಪುಟ್ಟ ಮಕಾವ್.

ಒಲಿಂಪಿಕ್ಸಿಗೂ ಒಂದು ಸಲ ಹೋಗಿ ಬಂದಿದೆ. ಒಲಿಂಪಿಕ್ ಸಮಿತಿಯ ಅಧ್ಯಕ್ಷರಾಗಿದ್ದ ಸಮರಾಂಚ್ ಇದ್ದಾರಲ್ಲ, ಅವರು ಬಾರ್ಸಿಲೋನಾದವರು, ಹರೆಯದಲ್ಲಿ ಇದೇ ಆಟ ಆಡಿದವರು. 1992ರಲ್ಲಿ ಅವರ ಊರಿನಲ್ಲೇ ಒಲಿಂಪಿಕ್ಸ್ ಆದಾಗ ಇದು ಪ್ರದರ್ಶನ ಕ್ರೀಡೆಯಾಗಿ ಬಂತು. ಹನ್ನೆರಡು ದೇಶಗಳು. ಫೈನಲಿನಲ್ಲಿ ಅರ್ಜೆಂಟೀನಾ 8-6ರಿಂದ ಆತಿಥೇಯ ಸ್ಪೇನನ್ನೇ ಸೋಲಿಸಿತು. ಪಾಪ, ಪೋರ್ಚುಗಲ್‌ಗೆ ಕಂಚೂ ಸಿಗಲಿಲ್ಲ, ಅದು ಇಟಲಿಯ ಪಾಲಾಯಿತು. ಆಮೇಲೆ ಪ್ರದರ್ಶನ ಕ್ರೀಡೆ ಎಂಬ ಪದ್ಧತಿಯನ್ನೇ ಕೈಬಿಟ್ಟರು. ಗಾಲಿ ಹಾಕಿ ಮತ್ತೆ ಒಳಗೆ ಹೋಗಲಿಲ್ಲ.

"ಹುಡುಗಿಯರಿಗೆ?" ಅಂದಳು ಮಗಳು. ಇದೆ. ಮೊದಲ ಮಹಿಳಾ ವಿಶ್ವ ಚಾಂಪಿಯನ್‌ಶಿಪ್ ಕೂಡ 1992ರಲ್ಲೇ, ಜರ್ಮನಿಯಲ್ಲಿ. ಗೆದ್ದದ್ದು ಕೆನಡಾ. ಭಾರತದ ಹುಡುಗಿಯರೂ ವಿಶ್ವಕಪ್ ಆಡಿ ಬಂದಿದ್ದಾರೆ ಅಂದೆ. ಅವಳ ಕಣ್ಣು ಅಗಲವಾಯಿತು. "ಅವರು ಎಲ್ಲಿ ಪ್ರಾಕ್ಟೀಸ್ ಮಾಡ್ತಾರೆ?"

ನಿನ್ನೆ ರಾತ್ರಿ ಊಟ ಆದ ಮೇಲೆ ಟೇಪು ಹಿಡಿದು ಇಬ್ಬರೂ ಬೇಸ್‌ಮೆಂಟಿಗೆ ಇಳಿದೆವು. ಉದ್ದಕ್ಕೆ 40 ಮೀಟರ್ ಧಾರಾಳವಾಗಿ ಸಿಕ್ಕಿತು. ಅಡ್ಡಕ್ಕೆ ಕಂಬದಿಂದ ಕಂಬಕ್ಕೆ ಬರೀ ಏಳು ಮೀಟರ್. ಸೆಕ್ಯುರಿಟಿಯವರು ಟಾರ್ಚ್ ಬಿಟ್ಟುಕೊಂಡು ಬಂದು "ಏನ್ ಸಾರ್, ಪಾರ್ಕಿಂಗ್ ಜಗಳನಾ?" ಅಂತ ಕೇಳಿದರು. ಭಾನುವಾರ ಅಸೋಸಿಯೇಷನ್ ಮೀಟಿಂಗ್ ಇದೆ. ಅಳತೆ ಬರೆದ ಚೀಟಿಯನ್ನು ಮಗಳು ನನ್ನ ಅಂಗಿ ಜೇಬಿಗೆ ಹಾಕಿ, ಕಳೆದು ಹಾಕಬೇಡ ಅಂತ ಎರಡು ಸಲ ಹೇಳಿದ್ದಾಳೆ.