ನಾಯಿಯ ಕೂದಲು: ಅಲಂಕಾರಕ್ಕೆ ಮುನ್ನ ಕಾಯಕ

ಪೂಡಲ್ ನಾಯಿಯ ವಿಚಿತ್ರ ಕ್ಷೌರವನ್ನು ಕಂಡು ನಕ್ಕವರಲ್ಲಿ ನಾವೂ ಸೇರಿದ್ದೇವೆ. ಆದರೆ ಅದರ ಮೂಲ ಶೋಕಿಯಲ್ಲ, ದುಡಿಮೆ. ಬೇಟೆಗಾರರು ಹೊಡೆದ ಬಾತುಗಳನ್ನು ನೀರಿನಿಂದ ಹೊತ್ತು ತರುತ್ತಿದ್ದ ನಾಯಿಯದು. ಈಜಲು ಹಗುರಾಗಲೆಂದು ಹಿಂಬದಿಯನ್ನು ಬೋಳಿಸಿ, ಬೆಚ್ಚಗಿರಲೆಂದು ಎದೆ, ಕೀಲುಗಳ ಮೇಲೆ ಕೂದಲನ್ನು ಉಳಿಸುತ್ತಿದ್ದರು. 19ನೆಯ ಶತಮಾನದ ಪ್ಯಾರಿಸ್ಸಿನಲ್ಲಿ, ಸೇನ್ ನದಿಯ ದಡದ ನಾಯಿಕ್ಷೌರಿಕರ ಕೈಯಲ್ಲಿ, ಅದೇ ಅಲಂಕಾರವಾಯಿತು.

ಸೈಬೀರಿಯಾದ ಹಸ್ಕಿಗೆ ಎರಡು ಪದರದ ಕೂದಲು: ಒಳಗೆ ಮೃದುವಾದ ಉಣ್ಣೆ, ಹೊರಗೆ ಒರಟು ಕವಚ. ಅದು ಚಳಿಯೊಂದನ್ನೇ ಅಲ್ಲ, ಬಿಸಿಲನ್ನೂ ತಡೆಯುತ್ತದೆ. ಇದನ್ನರಿಯದೆ ನಾವು ಒಂದು ಬೇಸಿಗೆಯಲ್ಲಿ ಕನಿಕರದಿಂದಲೇ ನಮ್ಮ ಹಸ್ಕಿಯನ್ನು ಬೋಳಿಸಿದೆವು. ಅದರ ಚರ್ಮ ಬಿಸಿಲಿಗೆ ಬೆಂದಾಗ, ವೈದ್ಯರಾಗಿಯೂ ತಲೆತಗ್ಗಿಸಿದೆವು. ಅದಕ್ಕೆ ಬೇಕಾದದ್ದು ಸತ್ತ ಒಳಗೂದಲನ್ನು ತೆಗೆಯುವ ಬಾಚಣಿಗೆ ಮಾತ್ರ. ನುಣುಪುಗೂದಲಿನ ನಮ್ಮ ಮುಧೋಳದ ನಾಯಿಗಾದರೋ ಒದ್ದೆ ಬಟ್ಟೆಯೇ ಸಾಕು.

ಕತ್ತರಿ ಹಿಡಿಯುವ ಮುನ್ನ, ಆ ಕೂದಲು ಯಾವ ನಾಡಿನ ಹವೆಗೆ, ಯಾವ ಕಾಯಕಕ್ಕೆ ಬೆಳೆದದ್ದೆಂದು ವಿಚಾರಿಸೋಣ.