ಕೊಚ್ಚಿ ಪೇಟೆಯ ಕೆಂಪು ದಾಳಿಂಬೆ: ಚಳಿನಾಡಿನ ಮೂಲದ ಕುರಿತು ಒಂದು ಟಿಪ್ಪಣಿ

ಕೊಚ್ಚಿಯ ಹಣ್ಣಿನಂಗಡಿಯಲ್ಲಾಗಲಿ ತಿರುವನಂತಪುರದ ಚಾಲೈ ಬಜಾರಿನಲ್ಲಾಗಲಿ ಕಣ್ಣಿಗೆ ಬೀಳುವ ಕಡುಗೆಂಪು ಕಾಳಿನ ದಾಳಿಂಬೆ ಸಾಮಾನ್ಯವಾಗಿ ಭಗವಾ ತಳಿಯದು. ನಮ್ಮ ವಿಜಯಪುರ, ಬಾಗಲಕೋಟೆ, ಕೊಪ್ಪಳದ ತೋಟಗಳಲ್ಲೂ ಅದರದೇ ಕಾರುಬಾರು. ಆದರೆ ಆ ಕೆಂಪು ದಖ್ಖನ್ನಿನದಲ್ಲ.

ಪುಣೆಯ ಗಣೇಶಖಿಂಡದಲ್ಲಿ ತೋಟಗಾರಿಕಾ ವಿಜ್ಞಾನಿ ಜಿ. ಎಸ್. ಚೀಮಾ 1936ರಲ್ಲಿ ಆಳಂದಿ ದಾಳಿಂಬೆಯ ಸಸಿಗಳಿಂದ ಒಂದು ತಳಿಯನ್ನು ಆರಿಸಿದರು. ಮುಂದೆ ಅದಕ್ಕೆ ಗಣೇಶ್ ಎಂಬ ಹೆಸರಾಯಿತು. ಬೀಜ ಮೆದು, ರಸ ಸಿಹಿ, ಬಣ್ಣ ಮಾತ್ರ ಪೇಲವ. ರಾಹುರಿಯ ಮಹಾತ್ಮಾ ಫುಲೆ ಕೃಷಿ ವಿಶ್ವವಿದ್ಯಾಲಯ ಇದನ್ನು ಗುಲ್-ಎ-ಶಾ ರೆಡ್ ಜೊತೆ ಸಂಕರಿಸಿತು. ಆ ಸಂಕರದ ಎರಡನೇ ಪೀಳಿಗೆಯಿಂದ ಆರಿಸಿದ್ದೇ ಮೃದುಲಾ ಮತ್ತು ಭಗವಾ. ಗುಲ್-ಎ-ಶಾ ರೆಡ್ ಅನ್ನು ತಳಿಪಟ್ಟಿಗಳು ‘ರಷ್ಯನ್’ ಎನ್ನುತ್ತವೆ. ಸೋವಿಯತ್ ದಾಳಿಂಬೆಯ ನಿಜವಾದ ನೆಲೆ ಮಧ್ಯ ಏಷ್ಯಾ ಮತ್ತು ಕಾಕಸಸ್ ಆದ್ದರಿಂದ ಆ ಮಾತನ್ನು ಸಡಿಲವಾಗಿಯೇ ಓದಬೇಕು. ತುರ್ಕಮೆನಿಸ್ತಾನದ ಗರ್ರಿಗಲಾ ಸಂಶೋಧನಾ ಕೇಂದ್ರದಲ್ಲಿ ಸಸ್ಯವಿಜ್ಞಾನಿ ಗ್ರಿಗೊರಿ ಲೆವಿನ್ ಸಾವಿರಕ್ಕೂ ಮಿಕ್ಕಿ ದಾಳಿಂಬೆ ಮಾದರಿಗಳನ್ನು ಕಾಪಾಡಿದ್ದರು. ಚಳಿ ತಡೆಯುವ ಸಲಾವಾಟ್ಸ್ಕಿಯಂಥ ತಳಿಗಳು ಅಮೆರಿಕಕ್ಕೆ ಹೋದದ್ದು ಅಲ್ಲಿಂದಲೇ.

ಭಗವಾ ಮಾಗಲು ಸುಮಾರು 180 ದಿನ ಬೇಕು. ಸಿಪ್ಪೆ ದಪ್ಪ, ಹೊಳಪುಳ್ಳದ್ದು. ಲಾರಿಯಲ್ಲಿ ಘಟ್ಟ ಇಳಿದು ಕೊಚ್ಚಿ ಸೇರಿದರೂ ಕೆಡದಿರುವುದಕ್ಕೆ ಆ ಸಿಪ್ಪೆಯೇ ಕಾರಣ. ರುಚಿಗಿಂತ ಈ ಗುಣವೇ ಅದನ್ನು ಗೆಲ್ಲಿಸಿತು ಎಂಬುದು ನನ್ನ ಎಣಿಕೆ.

ಹಾಗಿದ್ದರೆ ಕೇರಳದ ಹಿತ್ತಿಲ ಮಾತಳಂ (ದಾಳಿಂಬೆ) ಗಿಡ ಹೂಬಿಟ್ಟೂ ಸರಿಯಾಗಿ ಕಾಯಿ ಕಚ್ಚದಿರುವುದೇಕೆ? ಸೆಖೆಯನ್ನು ದೂರುವುದು ಸುಲಭ; ವಿಜಯಪುರದ ಬೇಸಿಗೆ ಕೊಚ್ಚಿಗಿಂತ ಉರಿ. ಚಳಿನಾಡಿನಲ್ಲಿ ಗಿಡ ಎಲೆ ಉದುರಿಸಿ ಮಲಗುತ್ತದೆ. ಚಳಿಯಿಲ್ಲದ ಬಯಲುಸೀಮೆಯಲ್ಲಿ ರೈತ ನೀರು ನಿಲ್ಲಿಸಿ, ಚಾಟನಿ ಮಾಡಿ, ಎಲೆ ಉದುರಿಸಿ ಅದೇ ವಿಶ್ರಾಂತಿಯನ್ನು ಬಲವಂತವಾಗಿ ಕೊಡಿಸುತ್ತಾನೆ. ಬಹಾರ್ ಹಿಡಿಯುವುದೆಂದರೆ ಇದೇ. ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ ಸುರಿಯುವ ಕೊಚ್ಚಿಯಲ್ಲಿ, ಮುಂಗಾರು, ಹಿಂಗಾರು ಎರಡೂ ಹೊಯ್ಯುವ ತಿರುವನಂತಪುರದಲ್ಲಿ, ನೆಲ ಹಾಗೆ ಒಣಗುವುದು ಕಷ್ಟ. ಮೇಲಾಗಿ ತೇವದಲ್ಲಿ ದುಂಡಾಣು ಅಂಗಮಾರಿ ಬೇಗ ಹರಡುತ್ತದೆ.

ಹೀಗಾಗಿ ಕರಾವಳಿಯವರು ಚಳಿ ತಡೆಯುವ ತಳಿಯನ್ನೇ ಹುಡುಕಿ ತಂದು ನೆಟ್ಟರೂ ಲಾಭವಿಲ್ಲ; ಕೊರತೆಯಿರುವುದು ಒಣಹವೆಯದು. ಕೇರಳದೊಳಗೇ ಪ್ರಯೋಗ ಮಾಡುವುದಾದರೆ ಮರಯೂರು ಆಚೆಗಿನ ಚಿನ್ನಾರ್ ಮಳೆನೆರಳಿನ ಪ್ರದೇಶದಲ್ಲಿ ಮಾಡಿ ನೋಡಬೇಕು.